ಅಟೆಂಡೆನ್ಸ್ ಇರುತ್ತಾ ಸಾರ್?



ಸ್ವಲ್ಪ ಉದ್ದದ ಪೋಸ್ಟು. ಆಫೀಸ್ ಮುಗಿಸಿ ಬಂದು ಎರಡು ರಾತ್ರಿ ಕೂತು ಟೈಪ್ ಮಾಡಿದೀನಿ. ಪುರುಸೊತ್ತಾದಾಗ ಪೂರ್ತಿ ಓದಿ. ಬೈಯೋದಿದ್ರೆ ಓದಿದ ಮೇಲೆ ಬೈಯಿರಿ.

ಹೋದ ತಿಂಗಳು ಪಕ್ಕದೂರಿನ ನಮ್ಮ ಕೇರಿಯವರೊಬ್ಬರು ನಾನು ಕೆಲಸ ಮಾಡೋ ಆಫೀಸಿಗೆ ಬಂದ್ರು. ನಾನು ಗುಮಾಸ್ತ. ಅರ್ಜಿ ಬರೆದು ಕೊಡ್ತೀನಿ, ಸ್ಕಾಲರ್‌ಶಿಪ್ ಫಾರಂ ತುಂಬಿ ಕೊಡ್ತೀನಿ ಅಂತ ಸುತ್ತಮುತ್ತಲಿನ ಜನ ಮಧ್ಯಾಹ್ನ ಊಟದ ಹೊತ್ತಿಗೆ ಹುಡುಕ್ಕೊಂಡು ಬರ್ತಾರೆ. ಇವರೂ ಅದಕ್ಕೇ ಬಂದಿರಬೇಕು ಅಂದ್ಕೊಂಡೆ. ಅವರು ಜೇಬಿಂದ ಫೋನ್ ತೆಗೆದು ಒಂದು ಜಾಹೀರಾತು ತೋರಿಸಿದ್ರು. ಮನೆಯಲ್ಲೇ ಕೂತು ಡಿಗ್ರಿ ಮಾಡಿ, ಕಾಲೇಜಿಗೆ ಹೋಗೋದು ಬೇಡ, ರೆಗ್ಯುಲರ್ ಡಿಗ್ರಿಗೆ ಸಮ, ಇಂಥದ್ದೇ ನಾಲ್ಕು ಮಾತು.

"ಇದು ನಿಜವಾ ಸಾ? ಮಗಳು ಪಿಯುಸಿ ಪಾಸಾಗವ್ಳೆ. ಇದ್ಕೇ ಸೇರಿಸ್ಬುಡನ ಅಂತ. ಬಸ್ಸು, ಹಾಸ್ಟ್ಲು ಯಾವ ತಲೆನೋವೂ ಇಲ್ಲ. ಮನೇಲೇ ಇರ್ತಳೆ, ಅವರವ್ವಂಗೂ ಆಸರೆ ಆಯ್ತದೆ."

ನಿಜ ಅಂದೆ. ಮಾನ್ಯತೆ ಇರೋ ವಿಶ್ವವಿದ್ಯಾಲಯ ಕೊಡೋ ಆನ್‌ಲೈನ್ ಡಿಗ್ರಿ, ದೂರಶಿಕ್ಷಣದ ಡಿಗ್ರಿ, ಎರಡೂ ರೆಗ್ಯುಲರ್‌ಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಗೊತ್ತಿದ್ದಿದ್ದನ್ನ ಹೇಳಿದೆ.

ಹುಡುಗಿ ಬಾಗಿಲ ಹತ್ರ ನಿಂತಿದ್ಲು. ಅಲ್ಲೀತನಕ ಒಂದು ಮಾತೂ ಆಡಿರಲಿಲ್ಲ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದ್ಲು. "ಸಾರ್, ಅದ್ರಲ್ಲಿ ಅಟೆಂಡೆನ್ಸ್ ಇರುತ್ತಾ?"

ಪಾಪ, ಹಾಜರಾತಿ ಅಂದ್ರೆ ಹೆದರಿಕೆ ಇರಬೇಕು ಅಂದ್ಕೊಂಡು, ಧೈರ್ಯ ತುಂಬೋ ದನಿಯಲ್ಲಿ "ಏನೂ ಇರಲ್ಲ ಕಣಮ್ಮ, ನಿನಗೆ ಬಿಡುವಾದಾಗ ನೋಡ್ಕೋಬಹುದು" ಅಂದೆ. ಅವಳ ಮುಖ ಸಣ್ಣಗಾಯ್ತು. ಅಪ್ಪ ಖುಷಿಯಾಗಿ ಹೊರಟ್ರು.

ಆ ಮುಖ ಯಾಕೆ ಸಣ್ಣಗಾಯ್ತು ಅಂತ ನನಗೆ ಅರ್ಥ ಆಗೋಕೆ ಎರಡು ದಿನ ಬೇಕಾಯ್ತು. ಅದೂ ನನ್ನ ಹೆಂಡತಿ ಹೇಳಿದ ಮೇಲೆ. "ನಿಮಗೆ ಗಂಡಸರಿಗೆ ಅರ್ಥ ಆಗಲ್ಲ ಬಿಡಿ. 75 ಪರ್ಸೆಂಟ್ ಹಾಜರಾತಿ ಇಲ್ದಿದ್ರೆ ಪರೀಕ್ಷೆಗೆ ಕೂರಿಸಲ್ಲ ಅಂತ ಹೇಳಿ ಹೇಳಿಯೇ ನಾವೆಲ್ಲ ಬೆಳಿಗ್ಗೆ ಮನೆಯಿಂದ ಆಚೆ ಬರ್ತಿದ್ದಿದ್ದು. ಅದೊಂದು ಇಲ್ದಿದ್ರೆ ಕಳೆ ಕೀಳೋಕೆ ಬಾ, ದನಕ್ಕೆ ಹುಲ್ಲು ತಗೊಂಡ್ ಬಾ, ತಮ್ಮನ್ನ ನೋಡ್ಕೋ, ಇದೇ ಆಗ್ತಿತ್ತು."

ಹಾಜರಾತಿ ಕಡ್ಡಾಯ ಅನ್ನೋದು ಪಟ್ಟಣದ ಹುಡುಗರಿಗೆ ಕಿರಿಕಿರಿ. ನಮ್ಮ ಕೇರಿಯ ಹೆಣ್ಣುಮಗಳಿಗೆ ಅದೊಂದು ಸರ್ಕಾರಿ ಆದೇಶ ಇದ್ದಂಗೆ. ಅಪ್ಪನ ಮುಂದೆ, ಅಣ್ಣನ ಮುಂದೆ, ಕೂಲಿಗೆ ಕರೆಯೋಕೆ ಬರೋ ಗೌಡರ ಮುಂದೆ ಹಿಡಿಯೋಕೆ ಇರೋ ಒಂದೇ ಒಂದು ಕಾಗದ. ನಾನು ನಿಂತ ಜಾಗದಲ್ಲೇ ಆ ಕಾಗದ ಹರಿದು ಹಾಕಿದ್ದೆ.

ಅವತ್ತಿಂದ ತಲೆಯಲ್ಲಿ ಓಡ್ತಿರೋದನ್ನ ಇಲ್ಲಿ ಬರೀತಿದೀನಿ.

ಮೊದಲು ಒಂದು ತಪ್ಪೊಪ್ಪಿಗೆ. 2020ರಲ್ಲಿ ಕಾಲೇಜು ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ನಾವು ಗೆಳೆಯರೆಲ್ಲ ಸೇರಿ ಹಳೇ ಫೋನ್ ಸಂಗ್ರಹ ಮಾಡಿದ್ವಿ. ನೌಕರಿ ಇರೋರ ಮನೆಮನೆಗೆ ಹೋಗಿ 11 ಫೋನ್ ತಂದು ರಿಪೇರಿ ಮಾಡಿಸಿ, ಡಿಗ್ರಿ ಓದ್ತಿದ್ದ ಮಕ್ಕಳಿಗೆ ಕೊಟ್ವಿ. ಫೋಟೋ ತೆಗೆಸ್ಕೊಂಡು ಹಾಕಿದ್ವಿ. ನಿಮ್ಮಲ್ಲಿ ಹಲವರು ಅದಕ್ಕೆ ಲೈಕ್ ಕೂಡ ಒತ್ತಿದ್ರಿ. ಸಮಸ್ಯೆ ಅಂದ್ರೆ ಫೋನ್ ಇಲ್ದಿರೋದು, ಫೋನ್ ಕೊಟ್ರೆ ಮುಗೀತು ಅಂತ ನಾನೂ ನಂಬಿದ್ದೆ.

ಆರು ತಿಂಗಳಾದ ಮೇಲೆ ವಿಚಾರಿಸಿದ್ರೆ ಒಂದು ಫೋನ್ ಮಾರಾಟ ಆಗಿತ್ತು. ಎರಡರಲ್ಲಿ ಕರೆನ್ಸಿ ಹಾಕಿಸೋಕೆ ದುಡ್ಡಿರಲಿಲ್ಲ. ಒಂದು ಮನೆಯಲ್ಲಿ ಅಣ್ಣ ಇಟ್ಕೊಂಡಿದ್ದ, ತಂಗಿಗೆ ರಾತ್ರಿ ಹತ್ತರ ಮೇಲೆ ಸಿಗ್ತಿತ್ತು. ಕಾಡಂಚಿನ ಊರಿನ ಹುಡುಗನೊಬ್ಬ ಓವರ್‌ಹೆಡ್ ಟ್ಯಾಂಕ್ ಮೆಟ್ಟಿಲ ಮೇಲೆ ಕೂತು ಪಾಠ ಕೇಳ್ತಿದ್ದ, ಅಲ್ಲಿ ಮಾತ್ರ ಸಿಗ್ನಲ್ ಬರ್ತಿತ್ತು. ಮಳೆಗಾಲ ಬಂತು, ಬಿಟ್ಟ. ಮೂರು ಜನ ಹುಡುಗರು ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋದೋರು ವಾಪಸ್ ಬರಲೇ ಇಲ್ಲ. ನಾವು ಕೊಟ್ಟ ಫೋನೇ ಅವರಿಗೆ ಕೆಲಸದ ಆ್ಯಪ್ ಹಾಕ್ಕೊಳ್ಳೋಕೆ ಉಪಯೋಗಕ್ಕೆ ಬಂತು.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಹಳ್ಳಿಗಳ ನೂರು ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ಸುಮಾರು 4 ಮನೆಯಲ್ಲಿ, ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಸುಮಾರು 15ರಲ್ಲಿ. ಈಗ ಕಾಲ ಬದಲಾಗಿದೆ, ಎಲ್ಲರ ಕೈಲೂ ಫೋನ್ ಇದೆ ಅಂತೀರಿ. ಒಪ್ಪಿದೆ. 2021ರಲ್ಲಿ ರಾಜ್ಯ ಸರ್ಕಾರವೇ ಸರ್ಕಾರಿ ಕಾಲೇಜು ಮಕ್ಕಳಿಗೆ ಟ್ಯಾಬ್ ಹಂಚಿತು. ನಾನು ಕೇಳ್ತಿರೋದು ಬೇರೆ. ಫೋನ್ ಬಂತು, ಸರಿ. ಓದೋಕೆ ಜಾಗ ಬಂತಾ? ಒಂದೇ ಕೋಣೆಯ ಮನೆ. ಅಲ್ಲೇ ಒಲೆ, ಅಲ್ಲೇ ಟಿವಿ, ಅಲ್ಲೇ ಹುಷಾರಿಲ್ಲದ ಅಜ್ಜಿ. ಅದರೊಳಗೆ ಕ್ಯಾಮೆರಾ ಆನ್ ಮಾಡು ಅಂದ್ರೆ ಹುಡುಗಿ ಹಿಂದಿರೋ ಗೋಡೆ, ನೇತುಹಾಕಿದ ಬಟ್ಟೆ ಎಲ್ಲಾ ಇಡೀ ಕ್ಲಾಸಿಗೆ ಕಾಣುತ್ತೆ. ಕಾಲೇಜಲ್ಲಾದ್ರೆ ಒಂದು ಇಸ್ತ್ರಿ ಮಾಡಿದ ಚೂಡಿದಾರ ಹಾಕ್ಕೊಂಡು ಹೋದ್ರೆ ಅವಳೂ ಎಲ್ಲರ ಥರ ಒಬ್ಬ ವಿದ್ಯಾರ್ಥಿನಿ.

ನನ್ನ ಕಥೆ ಸ್ವಲ್ಪ ಹೇಳ್ತೀನಿ. 1997ರಲ್ಲಿ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬಿಎ ಸೇರಿದೆ. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನಲ್ಲಿದ್ದೆ. ಎಂಟು ಜನಕ್ಕೆ ಒಂದು ರೂಮು, ಟ್ರಂಕು ಇಟ್ರೆ ಕಾಲು ಚಾಚೋಕೆ ಜಾಗ ಇಲ್ಲ. ಸಾರಿನಲ್ಲಿ ಬೇಳೆ ಹುಡುಕಬೇಕಿತ್ತು. ಅದನ್ನ ಸ್ವರ್ಗ ಅಂತ ಹೇಳಲ್ಲ. ಕಾಲೇಜಲ್ಲಿ ಒಬ್ಬ ಮೇಷ್ಟ್ರು ಮೊದಲ ದಿನವೇ "ಎಸ್ಸಿಗಳು ಎದ್ದು ನಿಂತ್ಕೊಳ್ಳಿ, ಸ್ಕಾಲರ್‌ಶಿಪ್ ಲಿಸ್ಟ್ ಬರೀಬೇಕು" ಅಂದ್ರು. ನಿಂತ್ವಿ. ಹಿಂದಿನ ಬೆಂಚಿನ ನಗು ಈಗಲೂ ಕೇಳುತ್ತೆ.

ಆದ್ರೆ ಅದೇ ಕಾಲೇಜಲ್ಲಿ ಇನ್ನೊಬ್ಬ ಮೇಷ್ಟ್ರು, ಇತಿಹಾಸದವರು, ನನ್ನ ಉತ್ತರ ಪತ್ರಿಕೆ ನೋಡಿ ಕಾರಿಡಾರ್‌ನಲ್ಲಿ ನಿಲ್ಲಿಸಿ, "ನೀನು ಬರೆಯೋದು ನಿಲ್ಲಿಸಬೇಡ" ಅಂದ್ರು. ಅಷ್ಟೇ ಮಾತು. ಸಿಲಬಸ್‌ನಲ್ಲಿ ಇರಲಿಲ್ಲ ಅದು. ಪಾಠ ಮುಗಿದ ಮೇಲೆ, ಕ್ಲಾಸಿಂದ ಸ್ಟಾಫ್ ರೂಮಿಗೆ ಹೋಗೋ ಇಪ್ಪತ್ತು ಹೆಜ್ಜೆ ನಡುವೆ ಆದ ಮಾತು. ಆನ್‌ಲೈನ್ ಪಾಠದಲ್ಲಿ ಆ ಇಪ್ಪತ್ತು ಹೆಜ್ಜೆ ಇಲ್ಲ. ಪಾಠ ಮುಗಿದ ತಕ್ಷಣ ಪರದೆ ಕಪ್ಪಾಗುತ್ತೆ.

ಹಾಸ್ಟೆಲ್‌ನಲ್ಲಿ ಎಂಎ ಓದ್ತಿದ್ದ ಸೀನಿಯರ್ ಒಬ್ಬರು ರಾತ್ರಿ ಬಾಬಾಸಾಹೇಬರ ಬರಹಗಳನ್ನ ಜೋರಾಗಿ ಓದಿ ಹೇಳೋರು. ಅಲ್ಲೀತನಕ ನನಗೆ ಅಂಬೇಡ್ಕರ್ ಅಂದ್ರೆ ಏಪ್ರಿಲ್ 14ರ ಫೋಟೋ. ಅವತ್ತು ಆ ರೂಮಲ್ಲಿ ಎಂಟು ಜನ ಇಲ್ಲದೆ, ನಾನೊಬ್ಬನೇ ಮನೆ ಮೂಲೆಯಲ್ಲಿ ಮೊಬೈಲ್ ಹಿಡ್ಕೊಂಡು ಕೂತಿದ್ದಿದ್ರೆ ಇವತ್ತು ಈ ಪೋಸ್ಟ್ ಬರೀತಿರಲಿಲ್ಲ. ಡಿಗ್ರಿ ಬಂದಿರ್ತಿತ್ತು, ಸಂಘಟನೆ ಬರ್ತಿರಲಿಲ್ಲ.

ನನ್ನೊಬ್ಬನ ಕಥೆ ಅಲ್ಲ ಇದು, ನಮ್ಮ ಚಳವಳಿಯ ಕಥೆಯೇ ಹಿಂಗೆ. 1973ರ ನವೆಂಬರ್‌ನಲ್ಲಿ ಮೈಸೂರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದಾಗ ಏಟು ತಿಂದೋರು ಯಾರು? ಹಾಸ್ಟೆಲ್ ಹುಡುಗರು. ತಿರುಗಿ ನಿಂತೋರು ಯಾರು? ಅದೇ ಹಾಸ್ಟೆಲ್ ಹುಡುಗರು. ಆಮೇಲೆ ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರು. ಸಿದ್ಧಲಿಂಗಯ್ಯನವರು ಹಾಸ್ಟೆಲ್‌ನಲ್ಲಿ ಬೆಳೆದ ಹುಡುಗ, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ನೂರು ಊರಿನ ನೂರು ಕೇರಿಯ ಹುಡುಗರು ಒಂದೇ ಸೂರಿನ ಕೆಳಗೆ ಮಲಗಿದಾಗ, "ನಿಮ್ಮೂರಲ್ಲೂ ಹಿಂಗೇನಾ" ಅಂತ ಒಬ್ಬರನ್ನೊಬ್ಬರು ಕೇಳಿಕೊಂಡಾಗ ಚಳವಳಿ ಹುಟ್ಟಿತು. ಅವರವರ ಮನೆಯಲ್ಲೇ ಕೂತಿದ್ದಿದ್ರೆ ಪ್ರತಿಯೊಬ್ಬನೂ ಇದು ನನ್ನೊಬ್ಬನ ಹಣೆಬರಹ ಅಂದ್ಕೊಂಡೇ ಇರ್ತಿದ್ದ.

ಬಾಬಾಸಾಹೇಬರದ್ದೂ ಅಷ್ಟೇ. 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನ ಹಿಡ್ಕೊಂಡು ನ್ಯೂಯಾರ್ಕ್‌ಗೆ ಹೋದಾಗ ಅವರಿಗೆ 22 ವರ್ಷ. ಕೊಲಂಬಿಯಾದಲ್ಲಿ ಪುಸ್ತಕ ಓದಿದ್ದು ಮಾತ್ರ ಅಲ್ಲ. ಜಾನ್ ಡ್ಯೂಯಿ, ಸೆಲಿಗ್ಮನ್ ಅಂಥವರ ಮುಂದೆ ಕೂತು ಪಾಠ ಕೇಳಿದ್ರು. ಅಲ್ಲಿನ ಸಹಪಾಠಿಗಳನ್ನ, ಗುರುಗಳನ್ನ ಆಮೇಲೂ ಪ್ರೀತಿಯಿಂದ ನೆನೆಸ್ಕೊಂಡಿದಾರೆ. ಯಾಕೆ ಅಂತ ಬೇರೆಯವರಿಗೆ ಬಿಡಿಸಿ ಹೇಳಬೇಕು, ನಮಗೆ ಬೇಕಿಲ್ಲ. ಶಾಲೆಯಲ್ಲಿ ಗೋಣಿಚೀಲದ ಮೇಲೆ ಬೇರೆ ಕೂತ ಹುಡುಗ ಮೊದಲ ಸಲ ಎಲ್ಲರ ಜೊತೆ ಒಂದೇ ಬೆಂಚಲ್ಲಿ ಕೂತಿದ್ದು. ವಾಪಸ್ ಬಂದು 1917ರಲ್ಲಿ ಬರೋಡದಲ್ಲಿ ಕೆಲಸಕ್ಕೆ ಸೇರಿದಾಗ ಅಷ್ಟೊಂದು ಓದಿದ ಮನುಷ್ಯನಿಗೆ ಉಳ್ಕೊಳ್ಳೋಕೆ ಒಂದು ರೂಮ್ ಸಿಗಲಿಲ್ಲ. ಪದವಿ ಇದ್ರೂ ಜಾಗ ಇಲ್ಲ ಅಂದ್ರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಂಚೆಯಲ್ಲಿ ಓದೋ ವ್ಯವಸ್ಥೆ ಆಗ ಇರಲಿಲ್ಲ ಅಂತಲ್ಲ. ಲಂಡನ್ ವಿಶ್ವವಿದ್ಯಾಲಯ 1858ರಿಂದಲೇ ಹೊರಗಿನಿಂದ ಓದಿ ಪರೀಕ್ಷೆ ಬರೆಯೋಕೆ ಬಿಡ್ತಿತ್ತು. ಅಲ್ಲೇ ಓದಿದ ಬಾಬಾಸಾಹೇಬರು ನಮಗಾಗಿ ಏನು ಮಾಡಿದ್ರು? ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದ್ರು. 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದ್‌ನಲ್ಲಿ ಕಾಲೇಜು, ಅದೇ ಆಮೇಲೆ ಮಿಲಿಂದ ಆಯ್ತು. ಇಟ್ಟಿಗೆ, ಕಲ್ಲು, ಹಾಸ್ಟೆಲ್, ಗ್ರಂಥಾಲಯ. ಮರಾಠವಾಡದ ಬರಗಾಲದ ಊರುಗಳ ಹುಡುಗರು ಅಲ್ಲಿಗೆ ಬಂದ್ರು. ದಲಿತ ಸಾಹಿತ್ಯದ 'ಅಸ್ಮಿತಾದರ್ಶ' ಪತ್ರಿಕೆ ನಡೆಸಿದ ಗಂಗಾಧರ ಪಾನತಾವಣೆಯವರು ಪಾಠ ಮಾಡಿದ್ದು ಅದೇ ಮಿಲಿಂದದಲ್ಲಿ.

ಇಲ್ಲೊಂದು ಗಟ್ಟಿ ಪ್ರಶ್ನೆ ಬರುತ್ತೆ. ನಮ್ಮ ಸಂಘಟನೆಯ ಯುವ ಗೆಳೆಯನೊಬ್ಬ ನನ್ನ ಮುಖಕ್ಕೇ ಕೇಳಿದ. "ಅಣ್ಣ, ಕ್ಯಾಂಪಸ್ ಕ್ಯಾಂಪಸ್ ಅಂತೀರಲ್ಲ, ನಮ್ಮ ಮಕ್ಕಳು ಸಾಯ್ತಿರೋದೇ ಕ್ಯಾಂಪಸ್‌ನಲ್ಲಿ. ಮನೇಲಿ ಕೂತು ಓದಿದ್ರೆ ಅವಮಾನವಾದ್ರೂ ತಪ್ಪುತ್ತೆ. ಪರದೆ ಮೇಲೆ ಯಾರು ಯಾವ ಜಾತಿ ಅಂತ ಯಾರಿಗೆ ಗೊತ್ತಾಗುತ್ತೆ?"

ಅವನ ಸಿಟ್ಟು ನ್ಯಾಯವಾದ್ದು. ಹಗುರವಾಗಿ ತಳ್ಳಿಹಾಕೋ ಮಾತಲ್ಲ. ಎರಡು ವಿಷಯ ಹೇಳಿದೆ.

ಒಂದು. ಪರದೆ ಜಾತಿ ಮುಚ್ಚಲ್ಲ. 2021ರ ಏಪ್ರಿಲ್‌ನಲ್ಲಿ ಖರಗ್‌ಪುರ ಐಐಟಿಯಲ್ಲಿ ಎಸ್ಸಿ, ಎಸ್ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳ ಪೂರ್ವಸಿದ್ಧತಾ ತರಗತಿಯಲ್ಲಿ ಅಧ್ಯಾಪಕರೊಬ್ಬರು ಮಕ್ಕಳನ್ನ ಬಾಯಿಗೆ ಬಂದಂಗೆ ಬೈದ ವಿಡಿಯೋ ದೇಶವೆಲ್ಲ ನೋಡಿತು. ಅಮಾನತು ಕೂಡ ಆಯ್ತು. ಅದು ನಡೆದದ್ದು ಆನ್‌ಲೈನ್ ಕ್ಲಾಸಲ್ಲೇ. ಕ್ಲಾಸ್‌ರೂಮಲ್ಲಿ ಬೈದಿದ್ರೆ ಹುಡುಗರು ಎದ್ದು ಹೊರಗೆ ಬಂದು ಮರದ ಕೆಳಗೆ ಕೂತು ಮಾತಾಡ್ತಿದ್ರು, ಪಕ್ಕದ ಡಿಪಾರ್ಟ್‌ಮೆಂಟಿನ ಸೀನಿಯರ್‌ಗಳು ಬರ್ತಿದ್ರು. ಅವತ್ತು ಪ್ರತಿ ಮಗುವೂ ತನ್ನ ತನ್ನ ಮನೆಯಲ್ಲಿ ಒಂಟಿಯಾಗಿ ಕೂತು ಆ ಬೈಗುಳ ಕೇಳಿಸ್ಕೊಂಡಿತು. ದೂರದಲ್ಲಿದ್ದು ಕಲಿತವನಿಗೆ ಏನಾಗುತ್ತೆ ಅಂತ ಏಕಲವ್ಯನ ಕಥೆ ಗೊತ್ತಲ್ಲ. ಗುರು ಪಾಠ ಮಾಡಲಿಲ್ಲ, ಹತ್ತಿರ ಸೇರಿಸಲಿಲ್ಲ. ಫೀಸು ಮಾತ್ರ ಬಿಡಲಿಲ್ಲ.

ಎರಡು. ರೋಹಿತ್ ವೇಮುಲನನ್ನ ನೆನಪಿಸ್ಕೊಳ್ಳಿ. 2016ರ ಜನವರಿ 17. ಅದಕ್ಕೂ ಮುಂಚೆ ಅವನನ್ನೂ ಅವನ ನಾಲ್ಕು ಜನ ಗೆಳೆಯರನ್ನೂ ಎಲ್ಲಿಂದ ಹೊರಗೆ ಹಾಕಿದ್ರು? ಹಾಸ್ಟೆಲ್‌ನಿಂದ. ಶಿಕ್ಷೆ ಅಂತ ಅವರಿಗೆ ಹೊಳೆದಿದ್ದು ಅದೇ, ಜಾಗ ಬಿಡಿಸೋದು. ಹುಡುಗರು ಏನು ಮಾಡಿದ್ರು? ಕ್ಯಾಂಪಸ್ ಬಿಟ್ಟು ಹೋಗಲಿಲ್ಲ. ಅಲ್ಲೇ ಟೆಂಟ್ ಹಾಕಿ, ವೆಲಿವಾಡ ಅಂತ ಹೆಸರಿಟ್ಟು, ಚಳಿಯಲ್ಲಿ ಮಲಗಿದ್ರು. ಜಗಳ ನಡೀತಿರೋದೇ ಜಾಗಕ್ಕೆ. ಕ್ಯಾಂಪಸ್‌ನಲ್ಲಿ ಅವಮಾನ ಆಗುತ್ತೆ ಅಂತ ನಾವೇ ಬಿಟ್ಟು ಬಂದ್ರೆ, ಹೊರಗೆ ಹಾಕೋರ ಕೆಲಸ ಹಗುರ ಆಗುತ್ತೆ. ಕೆರೆಯ ನೀರು ಮುಟ್ಟಿದ್ರೆ ಹೊಡೀತಾರೆ ಅಂತ ಬಾಬಾಸಾಹೇಬರು ಮಹಾಡ್‌ನಲ್ಲಿ ಎಲ್ಲರಿಗೂ ಬಾಟಲಿ ನೀರು ಹಂಚಲಿಲ್ಲ.

ಸರಿ, ಈ ಆನ್‌ಲೈನ್ ಮೇಲೆ ಆಳುವವರಿಗೆ ಇಷ್ಟು ಪ್ರೀತಿ ಯಾಕೆ? ನಾನು ಲೆಕ್ಕ ಬರೆಯೋ ಗುಮಾಸ್ತ, ನನಗೆ ಕಾಣೋದು ಲೆಕ್ಕ. 2021ರ ಮೇನಲ್ಲಿ ಯುಜಿಸಿ ಒಂದು ಪರಿಕಲ್ಪನಾ ಟಿಪ್ಪಣಿ ಹೊರಡಿಸಿ, ಒಂದು ಕೋರ್ಸಿನ ಶೇ. 40ರಷ್ಟನ್ನ ಆನ್‌ಲೈನ್‌ನಲ್ಲಿ ಕಲಿಸಬಹುದು ಅಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2035ರ ಹೊತ್ತಿಗೆ ಉನ್ನತ ಶಿಕ್ಷಣಕ್ಕೆ ಸೇರೋರ ಪ್ರಮಾಣ ಶೇ. 50 ಆಗಬೇಕು ಅನ್ನುತ್ತೆ. ಸೇರಿಸೋಕೆ ಎರಡು ದಾರಿ. ಒಂದು, ಕಾಲೇಜು ಕಟ್ಟಿ, ಮೇಷ್ಟ್ರನ್ನ ನೇಮಿಸಿ, ಹಾಸ್ಟೆಲ್ ತೆರೆಯೋದು. ಇನ್ನೊಂದು, ಲಿಂಕ್ ಕಳಿಸೋದು. ಯಾವುದು ಅಗ್ಗ ಅಂತ ನೀವೇ ಹೇಳಿ.

ನಮ್ಮ ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೀತಿರೋದು ಸಾವಿರಾರು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. 2023ರ ಕೊನೆಗೆ ಅವರು ಸೇವಾ ಭದ್ರತೆ ಕೊಡಿ ಅಂತ ವಾರಗಟ್ಟಲೆ ಮುಷ್ಕರ ಕೂತಾಗ ಎಷ್ಟೋ ಕಾಲೇಜಲ್ಲಿ ಪಾಠವೇ ನಿಂತುಹೋಯ್ತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನ ಮುಚ್ಚಬಹುದು ಅಂತ ಶಿಫಾರಸು ಮಾಡಿತು. ಪಟ್ಟಿಯಲ್ಲಿ ಯಾವ ಊರು? ಚಾಮರಾಜನಗರ, ಹಾವೇರಿ, ಕೊಪ್ಪಳದಂಥವು. ಕಾರಣ ದುಡ್ಡಿಲ್ಲ. ಒಂದು ಕಡೆ ಹತ್ತಿರದ ಕ್ಯಾಂಪಸ್‌ಗೆ ದುಡ್ಡಿಲ್ಲ ಅಂತಾರೆ, ಇನ್ನೊಂದು ಕಡೆ ಫೋನಲ್ಲೇ ಡಿಗ್ರಿ ಬರುತ್ತೆ ಅಂತಾರೆ. ಎರಡನ್ನೂ ಕೂಡಿಸಿ ನೋಡಿ. ನಾಳೆ ಕಾಲೇಜೇ ಇಲ್ಲದ ಮೇಲೆ ಮೆಟ್ರಿಕ್ ನಂತರದ ಹಾಸ್ಟೆಲ್ ಯಾಕೆ ಅಂತಾರೆ. ಹಾಸ್ಟೆಲ್ ಹೋದ್ರೆ ನಮ್ಮ ಮಕ್ಕಳ ಅನ್ನವೂ ಹೋಯ್ತು, ಊರಿನಿಂದ ತಪ್ಪಿಸಿಕೊಳ್ಳೋ ದಾರಿಯೂ ಹೋಯ್ತು.

ಅನುಕೂಲಸ್ಥರಿಗೆ ಕ್ಯಾಂಪಸ್ ಬೆಲೆ ಚೆನ್ನಾಗಿ ಗೊತ್ತು. 2020ರಲ್ಲಿ ಅಮೆರಿಕದಲ್ಲಿ ಪಾಠ ಆನ್‌ಲೈನ್ ಆದಾಗ, ನಾವು ಫೀಸ್ ಕಟ್ಟಿದ್ದು ಇದಕ್ಕಲ್ಲ, ವಾಪಸ್ ಕೊಡಿ ಅಂತ ವಿದ್ಯಾರ್ಥಿಗಳು ಒಂದರ ಮೇಲೊಂದು ವಿಶ್ವವಿದ್ಯಾಲಯದ ಮೇಲೆ ಕೇಸ್ ಹಾಕಿದ್ರು. ಬಾಬಾಸಾಹೇಬರು ಓದಿದ ಕೊಲಂಬಿಯಾ ಮೇಲೂ ಹಾಕಿದ್ರು. ನಮ್ಮ ಬೆಂಗಳೂರಿನ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳ ಜಾಹೀರಾತು ನೋಡಿ, ಮೊದಲು ತೋರಿಸೋದು ಕ್ಯಾಂಪಸ್‌ನ ಹಸಿರು ಹುಲ್ಲು. ದುಡ್ಡಿದ್ದೋರು ಲಕ್ಷಗಟ್ಟಲೆ ಕೊಟ್ಟು ಕೊಂಡ್ಕೊಳ್ಳೋದನ್ನೇ, ನಿಮಗದು ಬೇಕಿಲ್ಲ ಬಿಡಿ ಅಂತ ನಮಗೆ ಹೇಳ್ತಿದಾರೆ.

ಹಾಗಂತ ಆನ್‌ಲೈನ್, ದೂರಶಿಕ್ಷಣ ಎಲ್ಲಾ ಮೋಸ ಅಂತ ನಾನು ಹೇಳಲ್ಲ. ಹೇಳಿದ್ರೆ ಅದು ಸುಳ್ಳಾಗುತ್ತೆ. ಇಗ್ನೊ 1985ರಲ್ಲಿ, ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಶುರುವಾದ ಮೇಲೆ ಎಷ್ಟು ಜನ ಪೇದೆಗಳು, ಅಂಗನವಾಡಿ ಕಾರ್ಯಕರ್ತೆಯರು, ಮದುವೆಯಾಗಿ ಓದು ನಿಂತುಹೋಗಿದ್ದ ಹೆಣ್ಣುಮಕ್ಕಳು ಪದವಿ ಪಡೆದ್ರು. ನನ್ನ ಜೊತೆ ಕೆಲಸ ಮಾಡೋ ಒಬ್ಬರಿಗೆ ಕಾಲಿನ ಸ್ವಾಧೀನ ಇಲ್ಲ, ಮನೆಯಿಂದಲೇ ಓದಿ ಎಂಎ ಮಾಡಿದ್ರು, ಅವರಿಗೆ ಅದು ವರ. ನಾನೂ ಅಂಚೆ ತೆರಪಿನಲ್ಲಿ ಎಂಎ ಕಟ್ಟಿದ್ದೆ. ಪುಸ್ತಕದ ಪಾರ್ಸಲ್ ಬಂತು, ಅಟ್ಟದ ಮೇಲಿಟ್ಟೆ, ಮೊದಲ ವರ್ಷದ ಎರಡು ಪೇಪರ್ ಬರೆದೆ, ಬಿಟ್ಟೆ. ತಪ್ಪು ನನ್ನದೇ. ಆದ್ರೆ ಇವತ್ತು ಯಾಕೆ ಬರಲಿಲ್ಲ ಅಂತ ಕೇಳೋಕೆ ಪಕ್ಕದ ಬೆಂಚಿನೋನು ಒಬ್ಬ ಇದ್ದಿದ್ರೆ ಬಿಡ್ತಿರಲಿಲ್ಲವೇನೋ.

ಇವತ್ತು ಯೂಟ್ಯೂಬ್‌ನಲ್ಲಿ ಎಫ್‌ಡಿಎ, ಕೆಎಎಸ್ ಪಾಠ ಕೇಳಿ ಪಾಸಾದ ನಮ್ಮ ಹುಡುಗರೂ ಇದಾರೆ. ಕಾಲೇಜಲ್ಲಿ ಅರ್ಥ ಆಗದ ಅರ್ಥಶಾಸ್ತ್ರವನ್ನ ರಾತ್ರಿ ಫೋನಲ್ಲಿ ನಾಲ್ಕು ಸಲ ಕೇಳಿದ್ರೆ ಯಾರು ಬೇಡ ಅಂದ್ರು? ನನ್ನ ತಕರಾರು ಇಷ್ಟೇ. ಕಾಲೇಜಿನ ಜೊತೆಗೆ ಆನ್‌ಲೈನ್ ಬಂದ್ರೆ ನಮಗೆ ಬಲ. ಕಾಲೇಜಿನ ಬದಲಿಗೆ ಬಂದ್ರೆ ಅದು ಹೊಸ ನಮೂನೆಯ ಹೊರಗಿಡೋದು.

ಹಂಗಾಗಿ ನಾವು ಕೇಳಬೇಕಾದ್ದು ಇವು ಅಂತ ನನಗನ್ನಿಸುತ್ತೆ. ಸೇರಿಸೋದಿದ್ರೆ ಕಮೆಂಟಲ್ಲಿ ಸೇರಿಸಿ.

1. ಸರ್ಕಾರಿ ಕಾಲೇಜಲ್ಲಿ ಖಾಲಿ ಇರೋ ಹುದ್ದೆಗೆ ಮೇಷ್ಟ್ರನ್ನ ಕೊಡಿ, ರೆಕಾರ್ಡ್ ಮಾಡಿದ ವಿಡಿಯೋ ಕೊಟ್ಟು ಕೈ ತೊಳ್ಕೋಬೇಡಿ.

2. ಅರ್ಜಿ ಹಾಕಿದ ಪ್ರತಿ ಎಸ್ಸಿ, ಎಸ್ಟಿ ಹುಡುಗಿಗೂ ಹಾಸ್ಟೆಲ್ ಸೀಟು ಸಿಗಬೇಕು. ಸೀಟಿಲ್ಲ ಅಂದ ಕಡೆಯೇ ಆನ್‌ಲೈನ್ ಜಾಹೀರಾತು ಗೆಲ್ಲುತ್ತೆ.

3. ಹಾಸ್ಟೆಲ್‌ಗಳಲ್ಲಿ ವೈಫೈ, ನಾಲ್ಕು ಕಂಪ್ಯೂಟರ್ ಇರೋ ಓದುವ ಕೋಣೆ. ಆನ್‌ಲೈನ್ ಅಷ್ಟೊಂದು ಒಳ್ಳೇದಾದ್ರೆ ಅದನ್ನ ಅಲ್ಲಿಗೆ ತನ್ನಿ.

4. ದೂರಶಿಕ್ಷಣದಲ್ಲೇ ಓದಬೇಕಾದೋರಿಗೆ ತಾಲ್ಲೂಕಿಗೊಂದು ಅಧ್ಯಯನ ಕೇಂದ್ರ, ಭಾನುವಾರದ ಮುಖಾಮುಖಿ ತರಗತಿ.

5. ಬೆಳಿಗ್ಗೆ ಕಾಲೇಜು ಹೊತ್ತಿಗೆ ಸರಿಯಾಗಿ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ಚಿಂತೆ ತಪ್ಪಿತು, ದೊಡ್ಡ ಉಪಕಾರ. ಆದ್ರೆ ನಮ್ಮ ಕಡೆ ಎಷ್ಟೋ ಊರಿಗೆ ಬಸ್ಸೇ ಬರೋದು ಹತ್ತು ಗಂಟೆಗೆ, ಮೊದಲ ಕ್ಲಾಸು ಅಷ್ಟೊತ್ತಿಗೆ ಮುಗಿದಿರುತ್ತೆ.

ಕೊನೆಗೆ ಆ ಹುಡುಗಿ ವಿಷಯ. ಹೆಂಡತಿ ಹೇಳಿದ ಮಾತು ಕೇಳಿದ ಮೇಲಿನ ಭಾನುವಾರ ನಾವಿಬ್ಬರೂ ಅವರ ಮನೆಗೆ ಹೋದ್ವಿ. ಅಪ್ಪನ ಜೊತೆ ಒಂದೂವರೆ ಗಂಟೆ ಮಾತಾಯ್ತು. ಅವರು ಕೆಟ್ಟೋರಲ್ಲ. "ಸಾ, ಹಾಸ್ಟ್ಲಲ್ಲಿ ಏನಾರ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ಓದಿದೋರು ನೀವು, ನಾಳೆ ನಿಮ್ಮನ್ನ ಕೇಳ್ಳಾ?" ಅಂದ್ರು. ಅದಕ್ಕೆ ನನ್ನ ಹತ್ರ ನೆಟ್ಟಗಿನ ಉತ್ತರ ಇರಲಿಲ್ಲ. ಕೇಳಿ, ನಾನೇ ಹೊಣೆ ಅಂದೆ. ಹೆಂಡತಿ ತಾನೇ ತಿಂಗಳಿಗೊಮ್ಮೆ ಹಾಸ್ಟೆಲ್‌ಗೆ ಹೋಗಿ ನೋಡ್ಕೊಂಡು ಬರ್ತೀನಿ ಅಂದ್ಲು. ಆಮೇಲೆ ನಾನು ಮೊದಲು ಹೇಳಿದ್ದನ್ನ ತಿದ್ದಿಕೊಂಡೆ. "ಡಿಗ್ರಿ ಎರಡೂ ಸಮ, ನಿಜ. ಆದ್ರೆ ಓದು ಎರಡೂ ಸಮ ಅಲ್ಲ."

ಸರ್ಕಾರಿ ಕಾಲೇಜಿಗೆ ಅರ್ಜಿ ಹಾಕಿಸಿದೀವಿ, ಬಿಎ ಸೀಟು ಆಗಿದೆ. ಹಾಸ್ಟೆಲ್‌ನ ಮೊದಲ ಪಟ್ಟಿಯಲ್ಲಿ ಹೆಸರು ಬಂದಿಲ್ಲ. ಎರಡನೇ ಪಟ್ಟಿಗೆ ಕಾಯ್ತಿದೀವಿ. ಅದರಲ್ಲೂ ಬರದಿದ್ರೆ ದಿನಾ ಬಸ್ಸಲ್ಲಿ ಹೋಗಿಬರಬೇಕು, ಅಪ್ಪ ಎಷ್ಟು ದಿನ ಕಳಿಸ್ತಾರೋ ಗೊತ್ತಿಲ್ಲ. ಇದು ಬರೀ ಅವಳೊಬ್ಬಳ ಮಾತಲ್ಲ. ನಿಮ್ಮ ನಿಮ್ಮ ಊರಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳು ಎಲ್ಲಿದಾರೆ, ಏನು ಮಾಡ್ತಿದಾರೆ ಅಂತ ಈ ವಾರ ಒಂದು ಸಲ ಕೇರಿಯಲ್ಲಿ ವಿಚಾರಿಸಿ. ಹಾಸ್ಟೆಲ್ ಅರ್ಜಿ ಹಾಕದೇ ಇದ್ರೆ ಹಾಕಿಸಿ. ಫಾರಂ ತುಂಬೋಕೆ ಬರದಿದ್ರೆ ನನಗೆ ಮೆಸೇಜ್ ಮಾಡಿ, ಊಟದ ಹೊತ್ತಲ್ಲಿ ಕೂತು ತುಂಬಿಕೊಡ್ತೀನಿ.

ಮೊನ್ನೆ ಆ ಹುಡುಗಿ ಅವಳಪ್ಪನ ಫೋನಿಂದ ಕರೆ ಮಾಡಿದ್ಲು. "ಸಾರ್, ಕ್ಲಾಸ್ ಯಾವತ್ತಿಂದ? ಮೊದಲ ದಿನದಿಂದಲೇ ಅಟೆಂಡೆನ್ಸ್ ತಗೋತಾರಾ?"

ತಗೋತಾರೆ ಕಣಮ್ಮ ಅಂದೆ. ಪಕ್ಕದಲ್ಲಿ ಅಪ್ಪ ಇದ್ದರು ಅಂತ ಕಾಣುತ್ತೆ, ಅದಕ್ಕೇ ಸ್ವಲ್ಪ ಜೋರಾಗೇ ಹೇಳಿದೆ.

ಜೈಭೀಮ್.